ಪರೀಕ್ಷೆ ಮಾಡದವರ ತೀರ್ಪು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿದೆ. ಬೇಸ್‌ಬಾಲ್ ಆಟದ ಕೀರ್ತಿಭವನವೂ ಅದರ ವಸ್ತುಸಂಗ್ರಹಾಲಯವೂ ಇರುವುದು ಅಲ್ಲಿಯೇ. ಆ ಸಂಗ್ರಹಕ್ಕೆ ಸೇರಿದ ಒಂದು ಚೆಂಡಿನ ಚರ್ಮದ ಮೇಲೆ ನಕ್ಷತ್ರ ಚಿಹ್ನೆಯೊಂದನ್ನು ಮೂಡಿಸಲಾಗಿದೆ. 2007ರ ಆಗಸ್ಟ್ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಬ್ಯಾರಿ ಬಾಂಡ್ಸ್ ಈ ಚೆಂಡನ್ನು ಬೇಲಿಯಾಚೆಗೆ ಹೊಡೆದು ತಮ್ಮ 756ನೆಯ ಹೋಮ್ ರನ್ ಗಳಿಸಿದರು. 1976ರಿಂದ ಅಲುಗದೆ ನಿಂತಿದ್ದ ಹ್ಯಾಂಕ್ ಆರನ್ ಅವರ 755ರ ದಾಖಲೆ ಅಂದು ಮುರಿಯಿತು. ಚೆಂಡು ಹರಾಜಿಗೆ ಬಂದಾಗ ಉಡುಪು ವಿನ್ಯಾಸಕ ಮಾರ್ಕ್ ಎಕೊ 7,52,467 ಡಾಲರ್ ಕೊಟ್ಟು ಅದನ್ನು ಕೊಂಡರು. ಬಳಿಕ ಅವರು ಜನರ ಮುಂದೆ ಮೂರು ಆಯ್ಕೆಗಳನ್ನಿಟ್ಟರು: ಚೆಂಡನ್ನು ಹಾಗೆಯೇ ಕೀರ್ತಿಭವನಕ್ಕೆ ಕೊಡಬೇಕೇ, ನಕ್ಷತ್ರ ಚಿಹ್ನೆ ಒತ್ತಿ ಕೊಡಬೇಕೇ, ಅಥವಾ ರಾಕೆಟ್ಟಿನಲ್ಲಿಟ್ಟು ಆಕಾಶಕ್ಕೆ ಹಾರಿಸಿಬಿಡಬೇಕೇ? ಹೆಚ್ಚು ಮತ ಬಿದ್ದದ್ದು ನಕ್ಷತ್ರ ಚಿಹ್ನೆಗೆ. ಚೆಂಡು ಆ ಗುರುತಿನೊಡನೆಯೇ ಕೂಪರ್ಸ್‌ಟೌನ್ ಸೇರಿತು.

ಮುದ್ರಿತ ಪುಟದ ಸಂಗಡ ಬಾಳುವ ನಮ್ಮಂಥವರಿಗೆ ಆ ಚಿಹ್ನೆಯ ಅರ್ಥ ಗೊತ್ತು. ಹೇಳಬೇಕಾದದ್ದು ಇನ್ನೂ ಇದೆ, ಕೆಳಗೆ ನೋಡಿ ಎಂದು ಅದು ಓದುಗನಿಗೆ ಸೂಚಿಸುತ್ತದೆ. ಆದರೆ ಈ ಚೆಂಡಿನ ಕೆಳಗೆ ಅಡಿಟಿಪ್ಪಣಿಯಿಲ್ಲ. ಗುರುತು ಹಾಕಿದವರು ವಿವರಣೆ ಬರೆಯುವ ಗೋಜಿಗೆ ಹೋಗಲಿಲ್ಲ. ಬಾಂಡ್ಸ್ ಪ್ರಕರಣದ ಒಟ್ಟು ಅನ್ಯಾಯವೂ ಇದರಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಸಂಶಯ ಸುಳ್ಳೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಬಲವಾದ ಆಧಾರಗಳಿವೆ. ಆ ಸಂಶಯ ಹುಟ್ಟಿದ್ದು ಎಲ್ಲಿ, ಅದನ್ನು ಬೆಳೆಸಿದವರು ಯಾರು, ಅದರಿಂದ ಲಾಭ ಪಡೆದವರು ಯಾರು ಎಂಬುದನ್ನೆಲ್ಲ ಬಿಟ್ಟು ಒಬ್ಬ ಆಟಗಾರನ ಹಣೆಯ ಮೇಲೆ ಮಾತ್ರ ಗುರುತು ಒತ್ತಿದ್ದಾರೆ ಎಂಬುದಷ್ಟೇ ನಮ್ಮ ತಕರಾರು.

ಕ್ರಿಕೆಟ್ಟಿನ ಭಾಷೆಯಲ್ಲಿಯೇ ಯೋಚಿಸುವ ನಮಗೆ ಈ ಆಟದ ಒಂದೆರಡು ಮಾತು ಮೊದಲು ಬೇಕಾದೀತು. ಬೇಲಿ ದಾಟುವ ಹೊಡೆತವೇ ಹೋಮ್ ರನ್. ನಮ್ಮ ಸಿಕ್ಸರಿನ ಅಣ್ಣ ಎನ್ನಬಹುದು, ಆದರೆ ಅದಕ್ಕಿಂತ ಬಹಳ ಅಪರೂಪ. 162 ಪಂದ್ಯಗಳ ಒಂದು ಋತುವಿನಲ್ಲಿ 40 ಹೊಡೆದವನು ದೊಡ್ಡ ಆಟಗಾರ. ಚೆಂಡೆಸೆಯುವ ಪಿಚರ್ ನಿಗದಿತ ಚೌಕದ ಹೊರಗೆ ನಾಲ್ಕು ಬಾರಿ ಎಸೆದರೆ ಬ್ಯಾಟು ಹಿಡಿದವನು ಹೊಡೆಯದೆಯೇ ಮೊದಲ ಬೇಸಿಗೆ ನಡೆದುಹೋಗುತ್ತಾನೆ. ಇದಕ್ಕೆ ವಾಕ್ ಎಂದು ಹೆಸರು. ಎದುರಾಳಿಯನ್ನು ಕಂಡು ಹೆದರಿದ ತಂಡ ಬೇಕೆಂದೇ ಹಾಗೆ ಮಾಡುವುದೂ ಉಂಟು. ಒಬ್ಬ ಬ್ಯಾಟುಗಾರನ ಬಗೆಗಿನ ಭಯವನ್ನು ಅಂಕಿಯಲ್ಲಿ ಅಳೆಯುವ ಉಪಾಯ ಕ್ರಿಕೆಟ್ಟಿನಲ್ಲಿಲ್ಲ, ಬೇಸ್‌ಬಾಲಿನಲ್ಲಿದೆ.

ಆ ಅಳತೆಗೋಲಿನಲ್ಲಿ ಬಾಂಡ್ಸ್ ಅವರಿಗೆ ಸಮನಾದವರಿಲ್ಲ. 1998ರ ಮೇ 28ರಂದು ಅರಿಜೋನಾ ತಂಡದ ವಿರುದ್ಧದ ಪಂದ್ಯದ ಕೊನೆಯ ಸರದಿಯಲ್ಲಿ ಮೂರೂ ಬೇಸುಗಳು ತುಂಬಿದ್ದವು. ಆಗ ಬಾಂಡ್ಸ್ ಅವರನ್ನು ಬೇಕೆಂದೇ ನಡೆಸಿದರೆ ಎದುರಾಳಿಗೆ ಒಂದು ರನ್ ಉಚಿತವಾಗಿ ಸಿಗುತ್ತದೆ. ಅರಿಜೋನಾದ ಮ್ಯಾನೇಜರ್ ಬಕ್ ಶೋವಾಲ್ಟರ್ ಆ ರನ್ನನ್ನು ಕೊಟ್ಟರು. ಬಾಂಡ್ಸ್ ಅವರಿಗೆ ಹೊಡೆಯಲು ಚೆಂಡು ಕೊಡುವುದಕ್ಕಿಂತ ಅದೇ ಮೇಲೆಂದು ಬಗೆದರು. ಅವರ ತಂಡ ಗೆದ್ದಿತು. ಅಂದಿಗಾಗಲೇ ಬಾಂಡ್ಸ್ ಮೂರು ಬಾರಿ, 1990, 1992 ಮತ್ತು 1993ರಲ್ಲಿ, ತಮ್ಮ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದಿದ್ದರು. ಅದೇ ವರ್ಷ 400 ಹೋಮ್ ರನ್ನುಗಳನ್ನೂ 400 ಬೇಸುಗಳ ಕಳವನ್ನೂ ಒಟ್ಟಿಗೆ ಸಾಧಿಸಿದ ಮೊದಲ ಆಟಗಾರರಾದರು. ಮೊದಲನೆಯದಕ್ಕೆ ಬಲ ಬೇಕು, ಎರಡನೆಯದಕ್ಕೆ ವೇಗ. ಎರಡೂ ಒಂದೇ ದೇಹದಲ್ಲಿ ಕೂಡುವುದು ವಿರಳ. ತಂದೆ ಬಾಬಿ ಬಾಂಡ್ಸ್ ಹೆಸರಾಂತ ಆಟಗಾರ, ಧರ್ಮಪಿತ ವಿಲ್ಲಿ ಮೇಸ್ ಆಟದ ದಂತಕಥೆ. ಸಂಶಯದ ನೆರಳು ಬೀಳುವ ಮೊದಲೇ ಈ ಆಟಗಾರನ ಸ್ಥಾನ ಕೀರ್ತಿಭವನದಲ್ಲಿ ನಿಶ್ಚಿತವಾಗಿತ್ತು ಎಂಬುದನ್ನು ಅವರ ಕಟು ಟೀಕಾಕಾರರೂ ಅಲ್ಲಗಳೆಯುವುದಿಲ್ಲ.

ಆದರೆ 1998ರ ಬೇಸಿಗೆ ಬಾಂಡ್ಸ್ ಅವರದಾಗಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ ಆಟಗಾರರ ಮುಷ್ಕರದಿಂದ ವಿಶ್ವ ಸರಣಿಯೇ ರದ್ದಾಗಿ ಜನ ಮುನಿಸಿಕೊಂಡಿದ್ದರು. ಅವರನ್ನು ಮತ್ತೆ ಕ್ರೀಡಾಂಗಣಕ್ಕೆ ಕರೆತಂದವರು ಮಾರ್ಕ್ ಮೆಕ್‌ಗ್ವೈರ್ ಮತ್ತು ಸ್ಯಾಮಿ ಸೋಸಾ. 1961ರಿಂದ ನಿಂತಿದ್ದ ರಾಜರ್ ಮಾರಿಸ್ ಅವರ 61 ಹೋಮ್ ರನ್ನುಗಳ ದಾಖಲೆಯನ್ನು ಇಬ್ಬರೂ ದಾಟಿದರು. ಮೆಕ್‌ಗ್ವೈರ್ 70, ಸೋಸಾ 66. ಆ ನಡುವೆ ಅಸೋಸಿಯೇಟೆಡ್ ಪ್ರೆಸ್ಸಿನ ಸ್ಟೀವ್ ವಿಲ್‌ಸ್ಟೀನ್ ಎಂಬ ವರದಿಗಾರ ಮೆಕ್‌ಗ್ವೈರ್ ಅವರ ಕಪಾಟಿನಲ್ಲಿ ಕಂಡ ಆಂಡ್ರೊಸ್ಟೀನ್‌ಡಯೋನ್ ಸೀಸೆಯ ವಿಷಯ ಬರೆದರು. ದೇಹದಲ್ಲಿ ಟೆಸ್ಟೊಸ್ಟೆರೋನ್ ಆಗಿ ಬದಲಾಗುವ ವಸ್ತುವದು. ಒಲಿಂಪಿಕ್ಸಿನಲ್ಲಿ ನಿಷಿದ್ಧ, ಬೇಸ್‌ಬಾಲಿನಲ್ಲಿ ಅಲ್ಲ. ಸುದ್ದಿ ಬಂದಾಗ ಬೈಗುಳ ಬಿದ್ದದ್ದು ಹೆಚ್ಚಾಗಿ ವರದಿಗಾರನ ಮೇಲೆಯೇ. ಹಬ್ಬದ ಮನೆಯಲ್ಲಿ ಅಪಶಕುನ ನುಡಿದವನಂತೆ ಅವರನ್ನು ಕಂಡರು. ತಾವು ಸ್ಟಿರಾಯ್ಡ್ ಬಳಸುತ್ತಿದ್ದುದು ನಿಜವೆಂದು ಮೆಕ್‌ಗ್ವೈರ್ ಒಪ್ಪಿಕೊಂಡದ್ದು 2010ರಲ್ಲಿ.

ತನಗಿಂತ ಕಡಿಮೆ ಪ್ರತಿಭೆಯವರಿಗೆ ಸಿಕ್ಕ ಈ ಜಯಕಾರ ಕಂಡು ಕೆರಳಿದ ಬಾಂಡ್ಸ್ ಆ ಋತುವಿನ ನಂತರ ಉದ್ದೀಪನ ಮದ್ದಿನ ಹಾದಿ ಹಿಡಿದರು ಎಂಬುದು ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಮಾರ್ಕ್ ಫೈನಾರು-ವಾಡ ಮತ್ತು ಲ್ಯಾನ್ಸ್ ವಿಲಿಯಮ್ಸ್ ತಮ್ಮ 2006ರ ಪುಸ್ತಕದಲ್ಲಿ ಮಂಡಿಸಿದ ವಾದ. ಬಾಂಡ್ಸ್ ಅದನ್ನು ಎಂದೂ ಒಪ್ಪಿಲ್ಲ. ಮನಸ್ಸಿನೊಳಗಿನ ಕಾರಣವನ್ನು ಹೊರಗಿನವರು ಹೇಳಲಾಗದು. ಅಂಕಿಗಳು ಮಾತ್ರ ಎಲ್ಲರ ಕಣ್ಣಮುಂದಿವೆ. 2000ಕ್ಕೆ ಮುಂಚೆ ಅವರು ಒಂದು ಋತುವಿನಲ್ಲಿ ಹೊಡೆದ ಅತಿ ಹೆಚ್ಚು ಹೋಮ್ ರನ್ 46. 2001ರಲ್ಲಿ, 37ನೆಯ ವಯಸ್ಸಿನಲ್ಲಿ, 73. ಉಳಿದವರ ಕೈ ನಿಧಾನವಾಗುವ ವಯಸ್ಸಿನಲ್ಲಿ 2001ರಿಂದ 2004ರವರೆಗೆ ಸತತ ನಾಲ್ಕು ಅತ್ಯಮೂಲ್ಯ ಆಟಗಾರ ಪ್ರಶಸ್ತಿ. 2004ರಲ್ಲಿ ಅವರು ಬ್ಯಾಟು ಹಿಡಿದು ನಿಂತ 617 ಸಲಗಳಲ್ಲಿ 232 ಸಲ ವಾಕ್. ಅದರಲ್ಲಿ 120 ಬೇಕೆಂದೇ ಕೊಟ್ಟವು. ಇಡೀ ಆಟವೇ ಒಬ್ಬ ಮನುಷ್ಯನಿಗೆ ಶರಣಾದಂತಿತ್ತು.

ಸ್ಟಿರಾಯ್ಡ್ ಕಣ್ಣಿಗೆ ನೋಟ ಕೊಡುವುದಿಲ್ಲ. ಅರ್ಧ ಸೆಕೆಂಡಿಗೂ ಮುಂಚೆ ಬಂದುಬಿಡುವ ಚೆಂಡನ್ನು ಗುರುತಿಸಿ, ಹೊಡೆಯಬೇಕೋ ಬಿಡಬೇಕೋ ಎಂದು ನಿರ್ಧರಿಸುವ ವಿವೇಕ ಸೂಜಿಯಿಂದ ಬರುವಂಥದ್ದಲ್ಲ. ಆದರೆ ಅದು ಸ್ನಾಯುವನ್ನು ಹೆಚ್ಚಿಸುತ್ತದೆ, ದಣಿದ ದೇಹ ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತದೆ. ಬ್ಯಾಟಿನ ವೇಗ ತುಸು ಹೆಚ್ಚಿದರೂ ಬೇಲಿಯ ಬಳಿ ಕ್ಯಾಚಾಗಬೇಕಿದ್ದ ಚೆಂಡು ಬೇಲಿ ದಾಟುತ್ತದೆ. ಆದ್ದರಿಂದ ಮದ್ದೊಂದರಿಂದಲೇ ಬಾಂಡ್ಸ್ ಆದರು ಎನ್ನುವುದೂ, ಮದ್ದು ಏನನ್ನೂ ಕೊಡಲಿಲ್ಲ ಎನ್ನುವುದೂ ಒಂದೇ ಬಗೆಯ ಅಜ್ಞಾನ.

ಪ್ರಕರಣ ಬೆಳಕಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ ನಮ್ಮಲ್ಲಿ ಅನೇಕರ ಮಕ್ಕಳೂ ಬಂಧುಗಳೂ ನೆಲೆಸಿರುವ ಸೀಮೆ. ಅಲ್ಲಿನ ಬರ್ಲಿಂಗೇಮ್ ಎಂಬ ಊರಿನಲ್ಲಿದ್ದ ಬಾಲ್ಕೊ ಎಂಬ ಪ್ರಯೋಗಾಲಯದ ಮೇಲೆ ಫೆಡರಲ್ ಅಧಿಕಾರಿಗಳು ದಾಳಿ ಮಾಡಿದರು. ವಿಕ್ಟರ್ ಕಾಂಟೆ ನಡೆಸುತ್ತಿದ್ದ ಆ ಸಂಸ್ಥೆಯಿಂದ ಹಲವು ಆಟಗಳ ತಾರೆಯರಿಗೆ ‘ಕ್ಲಿಯರ್’ ಮತ್ತು ‘ಕ್ರೀಮ್’ ಎಂಬ ಎರಡು ವಸ್ತುಗಳು ಹೋಗುತ್ತಿದ್ದವು. ಮೊದಲನೆಯದು ಟಿಎಚ್‌ಜಿ ಎಂಬ ಸ್ಟಿರಾಯ್ಡ್. ಅಂದಿನ ಯಾವ ಪರೀಕ್ಷೆಗೂ ಸಿಗದಂತೆ ರೂಪಿಸಿದ್ದ ಇದನ್ನು, ತರಬೇತುದಾರನೊಬ್ಬ ಕಳುಹಿಸಿದ ಸಿರಿಂಜಿನಲ್ಲಿದ್ದ ಅಂಶದಿಂದ ಲಾಸ್ ಏಂಜಲಿಸ್‌ನ ಡಾನ್ ಕ್ಯಾಟ್ಲಿನ್ ಅವರ ಪ್ರಯೋಗಾಲಯ ಅದೇ ವರ್ಷ ಪತ್ತೆ ಹಚ್ಚಿತು.

ಆ ಡಿಸೆಂಬರಿನಲ್ಲಿ ಬಾಂಡ್ಸ್ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ನುಡಿದರು. ತಮ್ಮ ತರಬೇತುದಾರ ಹಾಗೂ ಬಾಲ್ಯದ ಗೆಳೆಯ ಗ್ರೆಗ್ ಆಂಡರ್ಸನ್ ಕೊಟ್ಟದ್ದನ್ನು ತಾವು ಬಳಸಿದ್ದು ನಿಜ, ಆದರೆ ಒಂದು ಅಗಸೆ ಎಣ್ಣೆ, ಇನ್ನೊಂದು ಸಂಧಿವಾತದ ಮುಲಾಮು ಎಂದು ನಂಬಿದ್ದೆ ಎಂಬುದು ಅವರ ಹೇಳಿಕೆ. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗಿ ಬರುವ ಬಡ ಅಗಸೆ ಅಮೆರಿಕದ ಅತಿ ದೊಡ್ಡ ಕ್ರೀಡಾ ವಿವಾದದ ಕಡತವನ್ನು ಸೇರಿದ್ದು ಹೀಗೆ. 2007ರ ನವೆಂಬರಿನಲ್ಲಿ ಸುಳ್ಳು ಸಾಕ್ಷ್ಯ ಹಾಗೂ ನ್ಯಾಯಕ್ಕೆ ಅಡ್ಡಿ ಎಂಬ ಆರೋಪಗಳು ಅವರ ಮೇಲೆ ಬಂದವು. 2011ರಲ್ಲಿ ವಿಚಾರಣೆ ನಡೆಯಿತು. ಬಾಂಡ್ಸ್ ವಿರುದ್ಧ ಬಾಯಿಬಿಡಲೊಪ್ಪದ ಆಂಡರ್ಸನ್ ಅದಕ್ಕಾಗಿ ಮತ್ತೆ ಮತ್ತೆ ಸೆರೆಮನೆಗೆ ಹೋದರು. ಸುಳ್ಳು ಸಾಕ್ಷ್ಯದ ಮೂರು ಆರೋಪಗಳ ಮೇಲೆ ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. ಕೇಳಿದ ಪ್ರಶ್ನೆಗೆ ಸುತ್ತುಬಳಸಿ ಉತ್ತರಿಸಿದ್ದಕ್ಕಾಗಿ ನ್ಯಾಯಕ್ಕೆ ಅಡ್ಡಿಯೆಂಬ ಒಂದೇ ಆರೋಪ ಸಾಬೀತಾಯಿತು. 2015ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಮಾಡಿತು. ಕಾನೂನಿನ ಕಣ್ಣಿನಲ್ಲಿ ಬಾಂಡ್ಸ್ ಇಂದು ನಿರಪರಾಧಿ.

ಇಷ್ಟಕ್ಕೇ ನಿಲ್ಲಿಸಿ ‘ಸಾಬೀತಾಗಲಿಲ್ಲವಲ್ಲ’ ಎನ್ನುವವರ ಸಾಲಿನಲ್ಲಿ ನಾವಿಲ್ಲ. ಕ್ರಿಮಿನಲ್ ನ್ಯಾಯಾಲಯದ ಪ್ರಶ್ನೆ ಬೇರೆ, ಇತಿಹಾಸದ ಪ್ರಶ್ನೆ ಬೇರೆ. 2003ರ ಅವರ ಮೂತ್ರದ ಮಾದರಿಯನ್ನು ಸರ್ಕಾರ ಮರುಪರೀಕ್ಷೆ ಮಾಡಿಸಿದಾಗ ಟಿಎಚ್‌ಜಿ ಕಂಡುಬಂದದ್ದು ವಿಚಾರಣೆಯಲ್ಲಿ ಹೊರಬಿತ್ತು. ಆ ವಸ್ತುಗಳನ್ನು ಬಳಸಿದ್ದನ್ನು ಅವರ ವಕೀಲರೂ ಅಲ್ಲಗಳೆಯಲಿಲ್ಲ. ತಿಳಿದು ಬಳಸಲಿಲ್ಲ ಎಂದಷ್ಟೇ ವಾದಿಸಿದರು. ಅಂದರೆ ಉಳಿದಿರುವ ಪ್ರಶ್ನೆ ದೇಹದ ಕುರಿತದ್ದಲ್ಲ, ಅರಿವಿನ ಕುರಿತದ್ದು. ತನ್ನ ದೇಹವನ್ನು ಯಂತ್ರದಂತೆ ಸಾಕುವ, ಆಹಾರದ ತುತ್ತುತುತ್ತನ್ನೂ ಲೆಕ್ಕ ಹಾಕುವ ಮಟ್ಟದ ಕ್ರೀಡಾಪಟು ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುವ ಹನಿ ಏನೆಂದು ಕೇಳಲಿಲ್ಲ ಎಂಬುದನ್ನು ನಂಬುವುದು ನಮಗೆ ಕಷ್ಟ.

ಈ ‘ತಿಳಿದಿರಲಿಲ್ಲ’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಾಗ ಮುಂಬಯಿಯಿಂದ ದೆಹಲಿಯವರೆಗೆ ಹೊರನಾಡಿನ ನಮ್ಮ ಸಂಘಗಳೆಲ್ಲ ಹೆಮ್ಮೆಪಟ್ಟವು. ಮರುವರ್ಷ ಅವರ ಮತ್ತು ಸಂಗಾತಿ ಓಟಗಾರ್ತಿಯರ ಮಾದರಿಯಲ್ಲಿ ಸ್ಟಿರಾಯ್ಡ್ ಕಂಡುಬಂತು. ವಿದೇಶಿ ತರಬೇತುದಾರ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಪೂರಕದಿಂದ ಹಾಗಾಯಿತು, ನಮಗೆ ತಿಳಿದಿರಲಿಲ್ಲ ಎಂದು ಅವರೆಲ್ಲ ಹೇಳಿದರು. ಭಾರತದ ಶಿಸ್ತು ಸಮಿತಿ ಅವರ ತಪ್ಪು ದೊಡ್ಡದಲ್ಲವೆಂದು ಕಂಡು ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅಥ್ಲೆಟಿಕ್ಸಿನ ನಿಯಮ ಕಠೋರ: ದೇಹದಲ್ಲಿ ಏನಿದೆಯೋ ಅದಕ್ಕೆ ಆ ದೇಹದ ಒಡೆಯನೇ ಹೊಣೆ. ಅದರಲ್ಲಿ ಕ್ರೌರ್ಯವಿದೆ ಎಂದು ನಮಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಆದರೆ ಒಂದು ಉಪಕಾರವೂ ಇದೆ. ಆರೋಪ ಬಂತು, ಶಿಕ್ಷೆ ಆಯಿತು, ಅವಧಿ ಮುಗಿಯಿತು. ಓಟಗಾರ್ತಿ ಟ್ರ್ಯಾಕಿಗೆ ಮರಳಿದರು. ಬಾಂಡ್ಸ್ ಅವರಿಗೆ ಬೇಸ್‌ಬಾಲ್ ಮಂಡಳಿ ಸ್ಟಿರಾಯ್ಡಿನ ಕಾರಣಕ್ಕೆ ಒಂದೇ ಒಂದು ದಿನದ ನಿಷೇಧವನ್ನೂ ವಿಧಿಸಲಿಲ್ಲ. ಹಾಗಾಗಿ ಅವರ ಶಿಕ್ಷೆಗೆ ಕೊನೆಯೂ ಇಲ್ಲ.

ಏಕೆ ವಿಧಿಸಲಿಲ್ಲ? ವಿಧಿಸಲು ಪರೀಕ್ಷೆಯೇ ಇರಲಿಲ್ಲ. 1991ರಲ್ಲಿ ಅಂದಿನ ಆಯುಕ್ತ ಫೇ ವಿನ್ಸೆಂಟ್ ಸ್ಟಿರಾಯ್ಡ್ ಸಲ್ಲದೆಂದು ಸುತ್ತೋಲೆ ಕಳಿಸಿದ್ದರು. ಅದು ಕಾಗದದಲ್ಲಿಯೇ ಉಳಿಯಿತು. ಮೊದಲ ಪರೀಕ್ಷೆ ನಡೆದದ್ದು 2003ರಲ್ಲಿ, ಅದೂ ಹೆಸರಿಲ್ಲದ ಸಮೀಕ್ಷೆಯಾಗಿ. ನೂರಕ್ಕೆ ಐದಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡ ಮೇಲೆ ಮರುವರ್ಷದಿಂದ ನಿಜವಾದ ಪರೀಕ್ಷೆ ಶುರುವಾಯಿತು. ಸಿಕ್ಕಿಬಿದ್ದವರಿಗೆ ಮೊದಲ ಸಲವೇ ಪಂದ್ಯಗಳ ನಿಷೇಧ ಬಂದದ್ದು 2005ರಲ್ಲಿ. ಬಾಂಡ್ಸ್ 73 ಹೊಡೆದ ವರ್ಷ ಕೆಳದರ್ಜೆಯ ಲೀಗುಗಳ ಹುಡುಗರಿಗೆ ಪರೀಕ್ಷೆಯಿತ್ತು, ಮೇಲಿನ ಲೀಗಿನ ಕೋಟ್ಯಧೀಶರಿಗೆ ಇರಲಿಲ್ಲ. ಆಟಗಾರರ ಒಕ್ಕೂಟ ಖಾಸಗಿತನದ ಹೆಸರಿನಲ್ಲಿ ಪರೀಕ್ಷೆಯನ್ನು ವಿರೋಧಿಸಿತು. ತಂಡಗಳ ಮಾಲೀಕರು ಒತ್ತಾಯಿಸಲಿಲ್ಲ. ತುಂಬಿದ ಕ್ರೀಡಾಂಗಣಗಳು ಅವರಿಗೆ ಸಾಕಾಗಿದ್ದವು. ನೋಡುಗರೂ ಪತ್ರಕರ್ತರೂ ಚೆಂಡು ಹೋದ ದೂರವನ್ನು ನೋಡಿದರು, ತೋಳಿನ ಸುತ್ತಳತೆಯನ್ನು ನೋಡಲಿಲ್ಲ. 2007ರ ಡಿಸೆಂಬರಿನಲ್ಲಿ ಜಾರ್ಜ್ ಮಿಚೆಲ್ ಸಲ್ಲಿಸಿದ ವರದಿ 89 ಆಟಗಾರರನ್ನು ಹೆಸರಿಸಿದ್ದಲ್ಲದೆ, ಆಯುಕ್ತರಿಂದ ಹಿಡಿದು ಎಲ್ಲರಿಗೂ ಈ ಹೊಣೆಯಲ್ಲಿ ಪಾಲಿದೆ ಎಂದು ಸ್ಪಷ್ಟವಾಗಿ ಹೇಳಿತು. ಟಿಎಚ್‌ಜಿಯಂಥದ್ದು ಅಂದಿನ ಪರೀಕ್ಷೆಗೆ ಸಿಗುತ್ತಿರಲಿಲ್ಲ ಎಂಬ ಮಾತು ನಿಜ. ಆದರೆ ಬೀಗವನ್ನೇ ಹಾಕದ ಮನೆಯವರು ಕಳ್ಳನ ಬಳಿ ಮಾರುಗೀಲಿಕೈ ಇತ್ತೆಂದು ಹೇಳಿ ಪಾರಾಗಲಾಗದು.

ಈಗ ಕೀರ್ತಿಭವನದ ಬಾಗಿಲಿಗೆ ಬರೋಣ. ಅಲ್ಲಿಗೆ ಆರಿಸುವವರು ಮುಖ್ಯವಾಗಿ ಬೇಸ್‌ಬಾಲ್ ಬರೆಹಗಾರರು. ನೂರಕ್ಕೆ 75 ಮತ ಬೇಕು. ಬಾಂಡ್ಸ್ ಅವರಿಗೆ 2013ರಲ್ಲಿ ಬಂದದ್ದು ಶೇಕಡ 36.2, ಹತ್ತನೆಯ ಹಾಗೂ ಕೊನೆಯ ಅವಕಾಶವಾದ 2022ರಲ್ಲಿ ಶೇಕಡ 66. ಅದೇ 2022ರಲ್ಲಿ ಡೇವಿಡ್ ಒರ್ಟಿಜ್ ಮೊದಲ ಯತ್ನದಲ್ಲೇ ಆಯ್ಕೆಯಾದರು. 2003ರ ಗುಪ್ತ ಸಮೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಅವರ ಹೆಸರಿತ್ತೆಂದು ನ್ಯೂಯಾರ್ಕ್ ಟೈಮ್ಸ್ 2009ರಲ್ಲಿ ಬರೆದಿತ್ತು. ಒರ್ಟಿಜ್ ಅದನ್ನು ನಿರಾಕರಿಸಿದ್ದಾರೆ. ಆ ಫಲಿತಾಂಶಗಳನ್ನು ಪೂರ್ತಿ ನಂಬಲಾಗದೆಂದು ಬೇಸ್‌ಬಾಲ್ ಆಯುಕ್ತರೂ ಹೇಳಿದ್ದಾರೆ. ಇಬ್ಬರ ವಿರುದ್ಧದ ಆಧಾರ ಸಮವಲ್ಲವೆಂದು ನಾವೂ ಒಪ್ಪುತ್ತೇವೆ. ಆದರೂ ಒರ್ಟಿಜ್ ನಗುಮೊಗದವರು, ಬಾಂಡ್ಸ್ ಪತ್ರಕರ್ತರನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು. ಮತ ಹಾಕಿದವರು ಆ ಪತ್ರಕರ್ತರೇ ಎಂಬುದನ್ನು ಮರೆಯಲಾಗದು. ಬಳಿಕ ಹಿರಿಯರ ಸಮಿತಿಯೂ 2022ರ ಡಿಸೆಂಬರಿನಲ್ಲಿ ಅವರನ್ನು ಕೈಬಿಟ್ಟಿತು. 2025ರ ಡಿಸೆಂಬರಿನಲ್ಲಿ ಅದು ಜೈಂಟ್ಸ್ ತಂಡದಲ್ಲಿ ಅವರ ಜೊತೆಗಾರರಾಗಿದ್ದ ಜೆಫ್ ಕೆಂಟ್ ಅವರನ್ನು ಆರಿಸಿತು. ಬಾಂಡ್ಸ್ ಅವರಿಗೆ ಐದು ಮತಗಳೂ ಬೀಳಲಿಲ್ಲ.

ನಮ್ಮನ್ನು ಹೆಚ್ಚು ಕಾಡುವ ಹೆಸರು ಇನ್ನೊಂದಿದೆ. 1992ರಿಂದ 2015ರವರೆಗೆ ಬೇಸ್‌ಬಾಲಿನ ಚುಕ್ಕಾಣಿ ಹಿಡಿದಿದ್ದ ಬಡ್ ಸೀಲಿಗ್ 2017ರಲ್ಲಿ ಕೀರ್ತಿಭವನ ಪ್ರವೇಶಿಸಿದರು. ಪರೀಕ್ಷೆಯಿಲ್ಲದ ಆ ವರ್ಷಗಳೆಲ್ಲ ಅವರ ಅಧಿಕಾರಾವಧಿಯವು. ಕೊನೆಗೆ ಪರೀಕ್ಷೆ ತಂದವರೂ ಅವರೇ ಎಂಬುದನ್ನು ಅವರ ಖಾತೆಗೆ ಜಮಾ ಮಾಡಬೇಕು. ತಡವಾದುದನ್ನು ಖರ್ಚಿನ ಕಡೆ ಬರೆಯಬೇಕು. ಹಾಗೆ ಕೂಡಿಸಿ ಕಳೆದು ತೂಗುವ ಔದಾರ್ಯ ಆಡಳಿತಗಾರನಿಗೆ ಸಿಗಬಹುದಾದರೆ ಆಟಗಾರನಿಗೆ ಏಕಿಲ್ಲ? ಆ ಯುಗದ ಹಣ ಎಣಿಸಿದವರು ಒಳಗಿದ್ದಾರೆ, ಆ ಹಣಕ್ಕೆ ಕಾರಣವಾದ ಹೊಡೆತಗಳನ್ನು ಹೊಡೆದವರು ಹೊರಗಿದ್ದಾರೆ.

ಇದಕ್ಕೆ ಎದುರಾಗಿ ಬರುವ ಒಂದು ಮಾತು ಮಾತ್ರ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮದ್ದು ಮುಟ್ಟದೆ ಆಡಿದವರಿದ್ದರು. ಮದ್ದು ಮುಟ್ಟಲೊಲ್ಲದೆ ಕೆಳದರ್ಜೆಯಲ್ಲೇ ಉಳಿದು ಮನೆಗೆ ಮರಳಿದ, ಯಾವ ದಾಖಲೆಯಲ್ಲೂ ಹೆಸರಿಲ್ಲದ ಹುಡುಗರಿದ್ದರು. ಅವರ ನಷ್ಟವನ್ನು ತುಂಬಿಕೊಡುವವರು ಯಾರು? ಹ್ಯಾಂಕ್ ಆರನ್ ಎಂಬ ಕರಿಯ ಆಟಗಾರ 1974ರಲ್ಲಿ ಬೇಬ್ ರೂತ್ ಅವರ ದಾಖಲೆ ಮುರಿಯುವ ಹಾದಿಯಲ್ಲಿ ಕೊಲೆಬೆದರಿಕೆಯ ಪತ್ರಗಳನ್ನು ರಾಶಿರಾಶಿಯಾಗಿ ಓದಬೇಕಾಯಿತು. ಅಷ್ಟು ನೋವಿನಿಂದ ಗಳಿಸಿದ್ದನ್ನು ಸಂಶಯದ ಹೊಡೆತವೊಂದು ದಾಟಿಹೋಗಬೇಕೇ? ಈ ಪ್ರಶ್ನೆಗೆ ಸಮಾಧಾನದ ಉತ್ತರವಿಲ್ಲ. ಆದರೆ ಬಾಂಡ್ಸ್ ಅವರನ್ನು ಹೊರಗಿಟ್ಟ ಮಾತ್ರಕ್ಕೆ ಆ ಹುಡುಗರಿಗೆ ಕಳೆದುಹೋದ ವರ್ಷಗಳು ಸಿಗುವುದಿಲ್ಲ. ಒಬ್ಬನನ್ನು ಬಲಿಕೊಟ್ಟು ಉಳಿದವರೆಲ್ಲ ಶುದ್ಧರಾದರೆಂದು ನಂಬುವುದು ಬಹಳ ಹಳೆಯ ಕ್ರಮ. ಅದರಿಂದ ನೆಮ್ಮದಿ ಸಿಗುತ್ತದೆ, ನ್ಯಾಯ ಸಿಗುವುದಿಲ್ಲ. ಪರೀಕ್ಷೆ ಮಾಡದೆ ಹೋದದ್ದರ ಕೇಡು ಎರಡು ಬಗೆಯದು: ತಪ್ಪಿತಸ್ಥ ಸಿಕ್ಕಿಬೀಳಲಿಲ್ಲ, ನಿರ್ದೋಷಿಗೆ ತಾನು ನಿರ್ದೋಷಿಯೆಂದು ತೋರಿಸುವ ದಾರಿಯೂ ಉಳಿಯಲಿಲ್ಲ. ಆ ಕಾಲದಲ್ಲಿ ಚೆನ್ನಾಗಿ ಆಡಿದ ಪ್ರತಿಯೊಬ್ಬನನ್ನೂ ಇಂದು ಓರೆಗಣ್ಣಿನಿಂದ ನೋಡುತ್ತೇವೆ.

ವಸ್ತುಸಂಗ್ರಹಾಲಯದ ಕೆಲಸ ನಡೆದದ್ದನ್ನು ನಡೆದಂತೆ ಉಳಿಸುವುದು. ಬಾಂಡ್ಸ್ ಅವರ ಫಲಕ ಅಲ್ಲಿರಲಿ. ಅದರ ಮೇಲೆ 762 ಹೋಮ್ ರನ್, 514 ಬೇಸುಗಳ ಕಳವು, ಏಳು ಪ್ರಶಸ್ತಿಗಳು ಎಂದು ಬರೆಯಲಿ. ಬಾಲ್ಕೊದ ವಿಷಯ, ಮರುಪರೀಕ್ಷೆಯಲ್ಲಿ ಕಂಡದ್ದು, ಅಗಸೆ ಎಣ್ಣೆಯ ಸಾಕ್ಷ್ಯ, ರದ್ದಾದ ತೀರ್ಪು, ಇವನ್ನೂ ಬರೆಯಲಿ. ಆ ಹೋಮ್ ರನ್ನುಗಳಲ್ಲಿ ಬಹುಪಾಲು ಪರೀಕ್ಷೆಯೇ ಇಲ್ಲದ ಕಾಲದವು, ಪರೀಕ್ಷೆ ಬೇಡವೆಂದವರು ಹಾಗೂ ತಡಮಾಡಿದವರು ಇಂಥಿಂಥವರು ಎಂಬ ಸಾಲನ್ನೂ ಸೇರಿಸಲಿ. ಆ ಸಾಲು ಸೀಲಿಗ್ ಅವರ ಫಲಕದ ಮೇಲೂ ಇರಲಿ. ಓದಿದವರು ತಮಗೆ ತಿಳಿದಂತೆ ತಲೆಬಾಗಿಸಲಿ ಅಥವಾ ತಲೆಯಾಡಿಸಿ ಮುಂದೆ ನಡೆಯಲಿ. ಅದು ಅವರ ಹಕ್ಕು. ನಕ್ಷತ್ರ ಚಿಹ್ನೆಯನ್ನು ಒತ್ತಿಯಾಗಿದೆ. ಅಡಿಟಿಪ್ಪಣಿಯನ್ನು ಪೂರ್ತಿಯಾಗಿ ಬರೆಯುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.